ಮೊದಲ ಸಂದರ್ಶನಕ್ಕೆ ಹೊರಡುವ ಮುನ್ನ

(ಅಂತಿಮ ವರ್ಷದ ಪದವಿ ಮತ್ತು ಬಿ.ಎಡ್. ವಿದ್ಯಾರ್ಥಿಗಳಿಗಾಗಿ ಸಂಘವು ಏರ್ಪಡಿಸಿದ್ದ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂದರ್ಶನದ ಬಗ್ಗೆ ಮಾತನಾಡಲು ದೊಡ್ಡ ಅಧಿಕಾರಿಗಳನ್ನು ಕರೆಯುವುದು ವಾಡಿಕೆ. ಈ ಸಲ ಸಂಘದವರು ಒಬ್ಬ ಶಾಲಾ ಶಿಕ್ಷಕಿಯನ್ನು ಕರೆದಿದ್ದಾರೆ. ಗೆದ್ದವರ ಮಾತನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ನಾನು ನನ್ನ ಮೊದಲ ಸಂದರ್ಶನದಲ್ಲಿ ಸೋತವಳು. ಆ ಸೋಲಿನಿಂದಲೇ ಮಾತು ಆರಂಭಿಸುತ್ತೇನೆ.

ಪದವಿ ಮುಗಿದ ಮೇಲೆ ನಾನು ತಕ್ಷಣ ಬಿ.ಎಡ್. ಸೇರಲಿಲ್ಲ. ಅಬ್ಬಾ ಅವರಿಗೆ ಹುಷಾರಿರಲಿಲ್ಲ. ಒಂದು ವರ್ಷ ಮನೆಯಲ್ಲೇ ಉಳಿದೆ. ಅಮ್ಮಿ ಬ್ಲೌಸ್ ಹೊಲಿಯುತ್ತಿದ್ದರು, ಸೀರೆಗೆ ಫಾಲ್ ಹಾಕುತ್ತಿದ್ದರು. ಅವರ ಜೊತೆ ಕೂತು ಹೊಲಿದೆ. ಯಾರು ಎಷ್ಟು ಕೊಟ್ಟರು, ಎಷ್ಟು ಬಾಕಿ ಎಂಬ ಲೆಕ್ಕ ಬರೆದೆ. ಸಂಜೆ ಮೊಹಲ್ಲಾದ ಏಳು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಮನೆಯಲ್ಲಿ ಉರ್ದು ಮಾತ್ರ ಮಾತನಾಡುವ ಆ ಮಕ್ಕಳಿಗೆ ‘ಲ’ ಮತ್ತು ‘ಳ’ ಎರಡೂ ಒಂದೇ. ಉರ್ದುವಿನಲ್ಲಿ ‘ಳ’ಕಾರವಿಲ್ಲ, ನಾಲಗೆಗೆ ರೂಢಿಯಿಲ್ಲ. ಹಲ್ಲಿ ಮತ್ತು ಹಳ್ಳಿ, ಬೆಲೆ ಮತ್ತು ಬೆಳೆ, ಕೊಲೆ ಮತ್ತು ಕೊಳೆ ಎಂದು ಜೋಡಿ ಪದಗಳ ಚೀಟಿ ಮಾಡಿ ಆಟ ಆಡಿಸುತ್ತಿದ್ದೆ. “ನಮ್ಮ ಹಲ್ಲಿಗೆ ಬನ್ನಿ” ಎಂದು ಒಬ್ಬ ಹೇಳಿದರೆ ಉಳಿದವರು ಗೋಡೆ ನೋಡಿ ನಗುತ್ತಿದ್ದರು. ನಗುನಗುತ್ತಲೇ ಕಲಿತರು.

ಬಿ.ಎಡ್. ಮುಗಿಸಿ ಒಂದು ಖಾಸಗಿ ಶಾಲೆಯ ಸಂದರ್ಶನಕ್ಕೆ ಹೋದೆ. ಬಯೋಡೇಟಾ ನೋಡಿದ ಮುಖ್ಯೋಪಾಧ್ಯಾಯರು, “ಮಧ್ಯೆ ಒಂದು ವರ್ಷ ಏನು ಮಾಡುತ್ತಿದ್ದಿರಿ?” ಎಂದು ಕೇಳಿದರು. ನಾನು ತಲೆ ತಗ್ಗಿಸಿ, “ಸುಮ್ಮನೆ ಮನೆಯಲ್ಲಿದ್ದೆ ಸರ್” ಎಂದೆ. ಹೊಲಿಗೆಯ ಮಾತು ಆಡಲು ನಾಚಿಕೆ. ಮುಂದಿನ ಪ್ರಶ್ನೆ: “ನಮ್ಮಲ್ಲಿ ಉರ್ದು ಮನೆಮಾತಿನ ಮಕ್ಕಳು ಬಹಳ ಇದ್ದಾರೆ. ಕನ್ನಡ ಉಚ್ಚಾರ ಸರಿಯಾಗಿ ಬರುವುದಿಲ್ಲ. ನೀವು ಹೇಗೆ ಕಲಿಸುತ್ತೀರಿ?” ಬಿ.ಎಡ್. ಪುಸ್ತಕದಲ್ಲಿ ಓದಿದ್ದ ಚಟುವಟಿಕೆ ಆಧಾರಿತ ಕಲಿಕೆ, ಶಿಶುಕೇಂದ್ರಿತ ವಿಧಾನ ಎಂಬ ಮಾತುಗಳನ್ನೆಲ್ಲ ಒಪ್ಪಿಸಿದೆ. ಅವರು ತಲೆಯಾಡಿಸಿ, “ಆಯಿತು, ತಿಳಿಸುತ್ತೇವೆ” ಎಂದರು. ತಿಳಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು. ಅವರು ಕೇಳಿದ್ದಕ್ಕೆ ಉತ್ತರ ನನ್ನ ಆ ಒಂದು ವರ್ಷದಲ್ಲೇ ಇತ್ತು. ಆ ವರ್ಷವನ್ನು ನಾನೇ “ಸುಮ್ಮನೆ” ಎಂದು ಅಳಿಸಿ ಹಾಕಿದ್ದೆ.

ವಿದ್ಯಾರ್ಥಿ ಮಿತ್ರರೇ, ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ನೀವು ಯಾರೂ ಸುಮ್ಮನೆ ಇರಲಿಲ್ಲ. ಅಬ್ಬಾ ಅವರ ಗ್ಯಾರೇಜಿನಲ್ಲಿ ಭಾನುವಾರ ಕೆಲಸ ಮಾಡಿದ್ದೀರಿ. ಮಾಮೂ ಅವರ ಹಣ್ಣಿನ ಅಂಗಡಿಯಲ್ಲಿ ರಂಜಾನ್ ತಿಂಗಳಿಡೀ ವ್ಯಾಪಾರ ನೋಡಿಕೊಂಡಿದ್ದೀರಿ. ಓದು ಬಾರದ ದಾದಿಗೆ ಪಿಂಚಣಿ ಅರ್ಜಿ ತುಂಬಿಸಿ ಕಚೇರಿಗೆ ನಾಲ್ಕು ಸಲ ಅಲೆದಿದ್ದೀರಿ. ಇವೆಲ್ಲ ಅನುಭವವೇ. ಇದನ್ನು ಹೇಗೆ ಹೇಳುವುದು ಎಂಬುದೇ ನಿಮ್ಮ ಸಿದ್ಧತೆ.

ಎಲ್ಲ ಕೆಲಸಕ್ಕೂ ಸಂದರ್ಶನವಿರುವುದಿಲ್ಲ ಎಂಬುದನ್ನು ಮೊದಲು ತಿಳಿಯಿರಿ. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಗ್ರೂಪ್ ‘ಬಿ’ಯ ಗೆಜೆಟೆಡ್ ಅಲ್ಲದ ಹುದ್ದೆಗಳಿಗೆ ಸಂದರ್ಶನವನ್ನು ತೆಗೆದುಹಾಕಿತು. ಅಲ್ಲಿ ಬರವಣಿಗೆ ಪರೀಕ್ಷೆಯ ಅಂಕವೇ ಮುಖ್ಯ. “ಸಂದರ್ಶನದಲ್ಲಿ ಮಾಡಿಸಿಕೊಡುತ್ತೇನೆ” ಎಂದು ಅಂತಹ ಹುದ್ದೆಗೆ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ ಎಂದು ತಿಳಿಯಿರಿ. ಐಬಿಪಿಎಸ್ ಮೂಲಕ ನಡೆಯುವ ಬ್ಯಾಂಕ್ ಪ್ರೊಬೇಷನರಿ ಆಫೀಸರ್ ಆಯ್ಕೆಯಲ್ಲಿ ಸಂದರ್ಶನವಿದೆ. ಮುಖ್ಯ ಪರೀಕ್ಷೆ ಮತ್ತು ಸಂದರ್ಶನದ ಅಂಕಗಳನ್ನು 80:20ರ ಪ್ರಮಾಣದಲ್ಲಿ ಸೇರಿಸುತ್ತಾರೆ. ಗುಮಾಸ್ತ ದರ್ಜೆಗೆ ಸಂದರ್ಶನವಿಲ್ಲ, ಆದರೆ ಸ್ಥಳೀಯ ಭಾಷೆ ಬರಬೇಕು. ಕರ್ನಾಟಕದಿಂದ ಅರ್ಜಿ ಹಾಕಿದವರಿಗೆ ಕನ್ನಡ ಓದಲು, ಬರೆಯಲು, ಮಾತನಾಡಲು ಬರಬೇಕು. ಉರ್ದು ಮಾಧ್ಯಮದ ಮಕ್ಕಳು ಕನ್ನಡವನ್ನು ಬರೀ ಪಾಸಾಗುವ ವಿಷಯವೆಂದು ಕಾಣಬಾರದು ಎಂದು ನಾನು ತರಗತಿಯಲ್ಲಿ ಹೇಳುತ್ತಲೇ ಇರುವುದು ಇದಕ್ಕಾಗಿಯೇ. ಉಳಿದಂತೆ ಖಾಸಗಿ ಶಾಲೆ, ಆಸ್ಪತ್ರೆ, ಕಂಪನಿ, ಶೋರೂಂ, ಎಲ್ಲ ಕಡೆ ಒಬ್ಬರೆದುರು ಕೂತು ಮಾತನಾಡಲೇಬೇಕು.

ಅದಕ್ಕೆ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎಸ್‌ಎಸ್‌ಎಲ್‌ಸಿಯಿಂದ ಇವತ್ತಿನವರೆಗೆ ಪ್ರತಿ ವರ್ಷಕ್ಕೂ ಒಂದು ಪುಟ. ಆ ವರ್ಷ ಓದಿದ್ದೇನು, ಮಾಡಿದ ಕೆಲಸವೇನು, ಎದುರಾದ ತೊಂದರೆ ಯಾವುದು, ಅದನ್ನು ಹೇಗೆ ಬಿಡಿಸಿಕೊಂಡೆ ಎಂದು ಬರೆಯಿರಿ. ಅಂಕ ಕಡಿಮೆ ಬಂದ ವರ್ಷ, ಫೇಲಾದ ವಿಷಯ, ಓದು ನಿಂತ ವರ್ಷ ಇದ್ದರೆ ಅದಕ್ಕೆ ಎರಡು ಪುಟ ಕೊಡಿ. ಕೇಳುವವರು ಅದನ್ನೇ ಕೇಳುತ್ತಾರೆ. ನಾನು ಅಂದು ಹೀಗೆ ಹೇಳಬಹುದಿತ್ತು: “ತಂದೆಯವರಿಗೆ ಹುಷಾರಿಲ್ಲದ್ದರಿಂದ ಒಂದು ವರ್ಷ ಓದು ನಿಲ್ಲಿಸಿದೆ. ತಾಯಿಯ ಜೊತೆ ಹೊಲಿಗೆ ಮಾಡಿ ಅದರ ಲೆಕ್ಕ ನೋಡಿಕೊಂಡೆ. ಸಂಜೆ ಏಳು ಮಕ್ಕಳಿಗೆ ಕನ್ನಡ ಕಲಿಸಿದೆ.” ಮೂರೇ ವಾಕ್ಯ. ಸುಳ್ಳಿಲ್ಲ, ಬಡಾಯಿಯಿಲ್ಲ, ಅಳುವೂ ಇಲ್ಲ.

ಬರೆದ ಮೇಲೆ ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲಿ ಎಲ್ಲರೂ ಚೆನ್ನಾಗಿಯೇ ಮಾತನಾಡುತ್ತೇವೆ. ಬಾಯಿಗೆ ಬರುವಾಗ ತಡವರಿಸುತ್ತದೆ. ಆಪಾ, ಭಾಯಿ, ಗೆಳೆಯ, ಯಾರನ್ನಾದರೂ ಎದುರು ಕೂರಿಸಿಕೊಂಡು “ನಿಮ್ಮ ಬಗ್ಗೆ ಹೇಳಿ” ಎಂಬ ಪ್ರಶ್ನೆಗೆ ಎರಡು ನಿಮಿಷ ಉತ್ತರಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಗೈಡಿನ ಇಂಗ್ಲಿಷ್ ಪ್ಯಾರಾ ಬಾಯಿಪಾಠ ಮಾಡಬೇಡಿ. ಮಧ್ಯೆ ಒಂದು ಪದ ಮರೆತರೆ ಇಡೀ ಪ್ಯಾರಾ ಹೋಯಿತು. ಇಂಗ್ಲಿಷ್ ಕೇಳುವ ಕಡೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿ. ಸಿಕ್ಕಿಹಾಕಿಕೊಂಡರೆ “ಇದನ್ನು ಕನ್ನಡದಲ್ಲಿ ಹೇಳಬಹುದೇ?” ಎಂದು ಕೇಳುವುದು ತಪ್ಪಲ್ಲ. ಗೊತ್ತಿಲ್ಲದ್ದಕ್ಕೆ “ಗೊತ್ತಿಲ್ಲ ಸರ್, ತಿಳಿದುಕೊಳ್ಳುತ್ತೇನೆ” ಎನ್ನಿ. ಊಹೆ ಮಾಡಿ ಹೇಳಿದ ಉತ್ತರದ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ.

ಇನ್ನು ಕಾಗದ ಪತ್ರಗಳ ವಿಷಯ. ನಮ್ಮ ಮಕ್ಕಳು ಇಲ್ಲಿ ಬಹಳ ಎಡವುತ್ತಾರೆ. ಶಾಲೆಯ ದಾಖಲೆಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಬ್ಯಾಂಕ್ ಪುಸ್ತಕದಲ್ಲಿ ಬರೀ ಎಂ.ಡಿ. ಹೆಣ್ಣುಮಕ್ಕಳಿಗೆ ಒಂದರಲ್ಲಿ ಬಾನು, ಇನ್ನೊಂದರಲ್ಲಿ ಬೇಗಂ. ತಂದೆಯ ಹೆಸರಿಗೆ ಒಂದು ಕಡೆ ಸಾಬ್ ಇದೆ, ಇನ್ನೊಂದು ಕಡೆ ಇಲ್ಲ. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಇದೇ ತೊಡಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಉಳಿದೆಲ್ಲ ದಾಖಲೆಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಮೊದಲು ಕಾಣಿರಿ. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಅವಸರದಲ್ಲಿ ಅದನ್ನು ಕಳೆದುಕೊಳ್ಳಬೇಡಿ. ಈ ಕೆಲಸಕ್ಕೆ ವಾರಗಳು ಹಿಡಿಯುತ್ತವೆ. ಸಂದರ್ಶನದ ಪತ್ರ ಬಂದ ಮೇಲೆ ಓಡಿದರೆ ಆಗದು. ಮೂಲ ಪ್ರಮಾಣಪತ್ರಗಳನ್ನು ತೋರಿಸಿ, ಜೆರಾಕ್ಸ್ ಕೊಡಿ. ಮೂಲ ಪ್ರತಿಯನ್ನು ಯಾರ ಬಳಿಯೂ ಬಿಟ್ಟು ಬರಬೇಡಿ. ಕೆಲಸ ಕೊಡಲು ಡಿಪಾಸಿಟ್ ಕೇಳುವವರ ಕಡೆಗೆ ತಿರುಗಿಯೂ ನೋಡಬೇಡಿ.

ತಂಗಿಯರೇ, ನಿಮಗೆ ಎರಡು ಮಾತು. “ಮದುವೆಯಾದ ಮೇಲೆ ಕೆಲಸ ಬಿಡುತ್ತೀರಾ?” ಎಂದು ನಿಮ್ಮನ್ನು ಕೇಳುತ್ತಾರೆ. ಗಂಡುಮಕ್ಕಳನ್ನು ಕೇಳುವುದಿಲ್ಲ. ಕೋಪ ಬಂದರೂ ಶಾಂತವಾಗಿ, “ಕೆಲಸ ಮಾಡಲೆಂದೇ ಓದಿದ್ದೇನೆ, ಮನೆಯವರ ಒಪ್ಪಿಗೆ ಇದೆ” ಎನ್ನಿ. ಹಾಗೆ ಹೇಳಬೇಕಾದರೆ ಆ ಒಪ್ಪಿಗೆ ನಿಜವಾಗಿಯೂ ಇರಬೇಕಲ್ಲವೇ? ಆದ್ದರಿಂದ ನಿಮ್ಮ ಮೊದಲ ಸಂದರ್ಶನ ಮನೆಯಲ್ಲೇ. ಎಲ್ಲಿ ಕೆಲಸ, ಎಷ್ಟು ಹೊತ್ತಿಗೆ ಬಸ್ಸು, ಸಂಜೆ ಎಷ್ಟು ಗಂಟೆಗೆ ಮನೆ, ಸಂಬಳವೆಷ್ಟು ಎಂದು ಅಬ್ಬಾ, ಅಮ್ಮಿ ಅವರ ಹತ್ತಿರ ಕೂತು ಮಾತನಾಡಿ. ಬೇಕಿದ್ದರೆ ಒಂದು ದಿನ ಮೊದಲು ಅವರನ್ನೇ ಕರೆದುಕೊಂಡು ಹೋಗಿ ಜಾಗ ತೋರಿಸಿ. ಸ್ಕಾರ್ಫ್ ಬಗ್ಗೆ ಹಲವರು ಕೇಳಿದ್ದೀರಿ. ದಿನವೂ ಹಾಕುವವರು ಅಂದೂ ಹಾಕಿಕೊಳ್ಳಿ, ಇಸ್ತ್ರಿ ಮಾಡಿದ್ದು, ಅಚ್ಚುಕಟ್ಟಾಗಿ. ನಾಳೆ ಕೆಲಸಕ್ಕೆ ಬರುವವರು ಯಾರೋ ಅವರೇ ಇಂದು ಕೂತಿರಬೇಕು. ಹುಡುಗರಿಗೂ ಅದೇ ಮಾತು. ಶುಕ್ರವಾರ ಮಧ್ಯಾಹ್ನ ಕರೆದಿದ್ದರೆ ಮುಂಚೆಯೇ ಫೋನ್ ಮಾಡಿ ವಿನಯದಿಂದ ಸಮಯ ಕೇಳಿ.

ಕೊನೆಗೆ ಹಿರಿಯರಲ್ಲಿ ಒಂದು ಅರಿಕೆ. ಈ ಸಭೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದೀರಿ, ಶಾಲೆ ನಡೆಸಿದವರಿದ್ದೀರಿ, ಹತ್ತು ಜನರಿಗೆ ಕೆಲಸ ಕೊಟ್ಟ ವ್ಯಾಪಾರಸ್ಥರಿದ್ದೀರಿ. ನೀವು ಕೊಡುವ ವಿದ್ಯಾರ್ಥಿವೇತನ ಈ ಮಕ್ಕಳನ್ನು ಪದವಿಯವರೆಗೆ ತಂದಿದೆ. ಇನ್ನು ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ ಕೊಡಿ. ಮೇಜಿನ ಆ ಕಡೆ ನೀವು ಕೂತು, ಈ ಕಡೆ ಈ ಮಕ್ಕಳನ್ನು ಕೂರಿಸಿ ಪ್ರಶ್ನೆ ಕೇಳಿ. ಅವರು ತಡವರಿಸುವುದಾದರೆ ನಮ್ಮವರ ಮುಂದೆಯೇ ತಡವರಿಸಲಿ. ನನಗೆ ಅಂದು ಹಾಗೆ ಕೇಳುವವರು ಒಬ್ಬರು ಇದ್ದಿದ್ದರೆ, ಆ ಏಳು ಮಕ್ಕಳ ಮಾತು ನನ್ನ ಬಾಯಿಂದ ಹೊರಗೆ ಬರುತ್ತಿತ್ತು. ಎರಡನೆಯ ಸಂದರ್ಶನದಲ್ಲಿ ಅದನ್ನು ಹೇಳಿದೆ. ಹಲ್ಲಿ–ಹಳ್ಳಿಯ ಆಟ ಕೇಳಿ ಅವರೂ ನಕ್ಕರು; ಕೆಲಸವೂ ಸಿಕ್ಕಿತು.

ದುಆ ಬೇಕು, ಆದರೆ ಒಂಟೆಯನ್ನು ಕಟ್ಟುವ ಕೆಲಸ ನಮ್ಮದೇ. ನಾಳೆ ಯಾರಾದರೂ “ಆ ವರ್ಷ ಏನು ಮಾಡುತ್ತಿದ್ದಿರಿ?” ಎಂದು ಕೇಳಿದರೆ “ಸುಮ್ಮನೆ” ಎಂಬ ಪದ ನಿಮ್ಮ ಬಾಯಿಂದ ಬಾರದಿರಲಿ. ಅಲ್ಲಾಹನು ನಿಮಗೆಲ್ಲ ಹಲಾಲ್ ರಿಜ್ಕ್ ಮತ್ತು ಧೈರ್ಯದ ಮಾತು ದಯಪಾಲಿಸಲಿ. ಆಮೀನ್.

ವಸ್ಸಲಾಮ್.