ಏಳು ಲೀಟರ್ ಧೈರ್ಯ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ವಿದ್ಯುತ್ ಕಾರು ಓಡಿಸುವವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ದಾರೀಲಿ ಚಾರ್ಜ್ ಮುಗಿದ್ರೆ ಏನ್ ಮಾಡ್ತೀರಿ?" ಗಂಡಸರನ್ನು ಕೇಳುವಾಗ ಇದು ಅರ್ಧ ತಮಾಷೆ. ನಮ್ಮನ್ನು ಕೇಳುವಾಗ ಅದರ ಬೆನ್ನಿಗೆ ಇನ್ನೊಂದು ಮಾತು ಬರುತ್ತದೆ: "ಅದೂ ರಾತ್ರಿ ಹೊತ್ತು, ಒಬ್ಬಳೇ ಇದ್ದಾಗ?" ಎಷ್ಟೋ ಮನೆಗಳಲ್ಲಿ ಕಾರಿನ ಕೀಲಿ ಹೆಂಗಸರ ಕೈಗೆ ಬರದೇ ಇರುವುದಕ್ಕೆ ಈ ಒಂದು ಮಾತು ಸಾಕು. ಹಾಗಾಗಿ ಇವತ್ತು ನಾನು ಕಾರಿಗಿಂತ ಹೆಚ್ಚಾಗಿ ಈ ಭಯದ ಬಗ್ಗೆ, ಅದರ ಲೆಕ್ಕದ ಬಗ್ಗೆ ಮಾತಾಡುತ್ತೇನೆ.

ಪುಣೆಗೆ ಬರುವ ಮೊದಲು ಕಂಪನಿ ಕೆಲಸದ ಮೇಲೆ ಮೂರು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದೆ. ಅಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಐ3 ತೆಗೆದುಕೊಂಡೆ. ಹೆಸರು ದೊಡ್ಡದು, ಕಾರು ಪುಟ್ಟದು. ಜರ್ಮನಿಯ ಲೈಪ್‌ಜಿಗ್ ಕಾರ್ಖಾನೆಯಲ್ಲಿ 2013ರಿಂದ 2022ರವರೆಗೆ ತಯಾರಾದ ವಿದ್ಯುತ್ ಕಾರು ಇದು. ಅದರಲ್ಲಿ ಎರಡು ಬಗೆ. ಒಂದು ಪೂರ್ತಿ ಬ್ಯಾಟರಿಯದು. ಇನ್ನೊಂದು, ನನ್ನದು, ರೇಂಜ್ ಎಕ್ಸ್‌ಟೆಂಡರ್ ಇರುವುದು.

ಈ ರೇಂಜ್ ಎಕ್ಸ್‌ಟೆಂಡರ್ ಅಂದರೆ ಏನು? ಹಿಂಬದಿಯಲ್ಲಿ 647 ಸಿಸಿಯ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್. ಮೂಲದಲ್ಲಿ ಅದು ಸ್ಕೂಟರಿನದು. ಆದರೆ ಈ ಎಂಜಿನ್ ಚಕ್ರವನ್ನು ತಿರುಗಿಸುವುದಿಲ್ಲ. ಮದುವೆ ಮನೆಯಲ್ಲಿ ಕರೆಂಟ್ ಹೋದಾಗ ಹಿತ್ತಲಲ್ಲಿ ಜನರೇಟರ್ ಶುರುವಾಗುತ್ತದಲ್ಲ, ಹಾಗೆ ಬ್ಯಾಟರಿ ತಳ ಕಂಡಾಗ ಕರೆಂಟ್ ಮಾಡಿಕೊಡುತ್ತದೆ, ಅಷ್ಟೇ. ಚಕ್ರ ತಿರುಗಿಸುವುದು ಯಾವಾಗಲೂ ವಿದ್ಯುತ್ ಮೋಟಾರೇ.

ಟ್ಯಾಂಕ್ ಸುಮಾರು 9 ಲೀಟರಿನದು. ಅಮೆರಿಕದ ಮೊದಲ ಮಾದರಿಗಳಲ್ಲಿ ಸಾಫ್ಟ್‌ವೇರ್ ಅದನ್ನೂ ಸುಮಾರು 7 ಲೀಟರಿಗೆ ಕಟ್ಟಿಹಾಕಿತ್ತು. ಇದರ ಹಿಂದೆ ಕ್ಯಾಲಿಫೋರ್ನಿಯಾದ ಒಂದು ನಿಯಮವಿತ್ತು: ಪೆಟ್ರೋಲಿನಲ್ಲಿ ಓಡುವ ದೂರ ಬ್ಯಾಟರಿಯಲ್ಲಿ ಓಡುವ ದೂರವನ್ನು ಮೀರಬಾರದು, ಬ್ಯಾಟರಿ ಬಹುತೇಕ ಮುಗಿಯುವ ತನಕ ಎಂಜಿನ್ ಶುರುವಾಗಲೂಬಾರದು. ನಮ್ಮ ಅಜ್ಜಿಯಂದಿರ ಸಾಸಿವೆ ಡಬ್ಬಿಯ ದುಡ್ಡು ನೆನಪಾಗುತ್ತದಲ್ಲವೇ? ಅದು ದಿನದ ಖರ್ಚಿಗಲ್ಲ. ಆದರೆ ಅದು ಇದೆ ಎನ್ನುವುದು ಗೊತ್ತಿದ್ದರೆ ಮನಸ್ಸಿಗೆ ಒಂದು ಸಮಾಧಾನ.

ಈಗ ಲೆಕ್ಕಕ್ಕೆ ಬರೋಣ. ಮೊದಲ ಮಾದರಿಯ ಬ್ಯಾಟರಿ 22 ಕಿಲೋವ್ಯಾಟ್ ಅವರ್, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ 22 ಯೂನಿಟ್. ಅಮೆರಿಕದ ಅಧಿಕೃತ ಅಂಕಿಯ ಪ್ರಕಾರ ರೇಂಜ್ ಎಕ್ಸ್‌ಟೆಂಡರ್ ಇರುವ ಕಾರು ಬ್ಯಾಟರಿಯಲ್ಲಿ ಓಡುವುದು 72 ಮೈಲಿ, ಸುಮಾರು 116 ಕಿ.ಮೀ. ನನ್ನ ಆಫೀಸಿಗೆ ಹೋಗಿ ಬರಲು ಸುಮಾರು 60 ಕಿ.ಮೀ. ಮನೆಯ ಗ್ಯಾರೇಜಿನಲ್ಲಿದ್ದದ್ದು ಮಾಮೂಲಿ 120 ವೋಲ್ಟಿನ ಪ್ಲಗ್. ರಾತ್ರಿ ಹತ್ತು ಗಂಟೆ ಹಾಕಿಟ್ಟರೆ ಮರುದಿನದ ಓಡಾಟಕ್ಕೆ ಸಾಕಾಗುವಷ್ಟು ತುಂಬುತ್ತಿತ್ತು.

ಮೊದಲ ತಿಂಗಳು ನನ್ನ ಕಣ್ಣು ರಸ್ತೆಗಿಂತ ಬ್ಯಾಟರಿ ಪಟ್ಟಿಯ ಮೇಲೇ ಹೆಚ್ಚು. ಎಂಜಿನಿಯರ್ ಬುದ್ಧಿ, ದಿನವೂ ಒಂದು ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟೆ: ಎಷ್ಟು ದೂರ, ಮನೆಗೆ ಬಂದಾಗ ಎಷ್ಟು ಉಳಿದಿತ್ತು, ಎಂಜಿನ್ ಶುರುವಾಯಿತೇ. ಮೂರು ತಿಂಗಳಾದ ಮೇಲೆ ನೋಡಿದರೆ ಆಫೀಸಿನ ಓಡಾಟದಲ್ಲಿ ಎಂಜಿನ್ ಒಮ್ಮೆಯೂ ಬೇಕಾಗಿರಲಿಲ್ಲ. ತುಂಬ ದಿನ ಬಳಸದೇ ಇದ್ದರೆ ಕೆಟ್ಟುಹೋಗದಿರಲಿ ಎಂದು ಅದು ತಾನೇ ಕೆಲವು ನಿಮಿಷ ಓಡಿ ನಿಲ್ಲುತ್ತದೆ. ನನ್ನ ಪೆಟ್ರೋಲ್ ಹೆಚ್ಚಾಗಿ ಖರ್ಚಾದದ್ದು ಆ ವ್ಯಾಯಾಮಕ್ಕೆ! ನಿಜವಾಗಿ ಬೇಕಾದದ್ದು ವಾರಾಂತ್ಯದಲ್ಲಿ ದೂರ ಹೋದ ಬೆರಳೆಣಿಕೆಯ ದಿನಗಳಲ್ಲಿ ಮಾತ್ರ.

ಹಾಗಾದರೆ ಆ ಎಂಜಿನ್ ದಂಡವೇ? ಅಲ್ಲ. ಅದು ಇದ್ದುದರಿಂದಲೇ ನಾನು ಮೊದಲ ದಿನ ಹೆದರದೆ ಹೊರಟೆ. ಆದರೆ ಅದಕ್ಕೆ ಬೆಲೆಯೂ ಇತ್ತು. ಕಾರಿನ ತೂಕ ಸುಮಾರು 120 ಕಿಲೋ ಹೆಚ್ಚು. ಪೆಟ್ರೋಲ್ ಎಂಜಿನ್ ಇದ್ದ ಮೇಲೆ ಆಯಿಲ್ ಬದಲಿಸುವ ಕೆಲಸವೂ ಇದೆ. ಜೊತೆಗೆ ಜನರೇಟರ್ ಕೊಡುವ ಶಕ್ತಿ ಸುಮಾರು 25 ಕಿಲೋವ್ಯಾಟ್. ಸಮತಟ್ಟು ರಸ್ತೆಗೆ ಸಾಕು, ಉದ್ದನೆಯ ಘಾಟಿಯನ್ನು ಹೆದ್ದಾರಿ ವೇಗದಲ್ಲಿ ಹತ್ತಲು ಸಾಲದು. ಬ್ಯಾಟರಿ ಆಗಲೇ ತಳ ಕಂಡಿದ್ದರೆ ವೇಗ ತಾನಾಗಿ ಇಳಿಯುತ್ತದೆ. ಮುಂದೆ ಅದೇ ಜಾಗದಲ್ಲಿ 33, ಆಮೇಲೆ 42 ಕಿಲೋವ್ಯಾಟ್ ಅವರ್ ಬ್ಯಾಟರಿ ಕೂತಿತು. 2018ರಲ್ಲಿ ಯುರೋಪಿನಲ್ಲಿ ರೇಂಜ್ ಎಕ್ಸ್‌ಟೆಂಡರ್ ಮಾದರಿಯನ್ನೇ ನಿಲ್ಲಿಸಿದರು. ಮಗು ನಡೆಯಲು ಕಲಿತ ಮೇಲೆ ನಡೆಗಾಡಿ ಮೂಲೆ ಸೇರಿದ ಹಾಗೆ.

ಈ ಯೋಚನೆ ನಮ್ಮ ಕರ್ನಾಟಕಕ್ಕೆ ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬಂದಿತ್ತು. ಲಂಡನ್ನಿನ ಬೀದಿಗಳಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2009ರಲ್ಲಿ ಅದೇ ಸಂಸ್ಥೆ ‘ರಿವೈವ್’ ಎಂಬ ಉಪಾಯವನ್ನು ಪ್ರಕಟಿಸಿತು. ದಾರಿಯಲ್ಲಿ ಚಾರ್ಜ್ ಮುಗಿಯುವಂತಾದರೆ ಸಹಾಯ ಕೇಂದ್ರಕ್ಕೆ ಫೋನ್ ಮಾಡಬೇಕು. ಬ್ಯಾಟರಿಯಲ್ಲೇ ಬಚ್ಚಿಟ್ಟಿದ್ದ ಒಂದಿಷ್ಟು ಕರೆಂಟನ್ನು ಅವರು ದೂರದಿಂದಲೇ ಬಿಡುಗಡೆ ಮಾಡುತ್ತಾರೆ. ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಸಾಸಿವೆ ಡಬ್ಬಿ ಅಂದರೆ ಇದೇ ಅಲ್ಲವೇ?

ಪುಣೆಗೆ ಬಂದ ಮೇಲೆ ನಾನು ಕೊಂಡದ್ದು 24 ಕಿಲೋವ್ಯಾಟ್ ಅವರ್ ಬ್ಯಾಟರಿಯ ಪುಟ್ಟ ಕಾರು. ಅದರಲ್ಲಿ ರೇಂಜ್ ಎಕ್ಸ್‌ಟೆಂಡರ್ ಇಲ್ಲ. ಎಸಿ ಹಾಕಿಕೊಂಡು ಸುಮಾರು 180 ಕಿ.ಮೀ. ಓಡುತ್ತದೆ. ಕೋಥರೂಡಿನಿಂದ ಹಿಂಜವಡಿಗೆ ಹೋಗಿ ಬರಲು ಸುಮಾರು 40 ಕಿ.ಮೀ. ಗೋಡೆಯ ಮೀಟರಿನಲ್ಲಿ ಸುಮಾರು 6 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ 60 ರೂಪಾಯಿ. ಅದೇ ದಾರಿಗೆ ನಮ್ಮ ಹಳೆಯ ಪೆಟ್ರೋಲ್ ಕಾರು ಎರಡೂವರೆ ಲೀಟರ್ ಕುಡಿಯುತ್ತಿತ್ತು. ಊರಿಗೆ, ಧಾರವಾಡಕ್ಕೆ ಹೋಗುವಾಗ ರೈಲು. ವರ್ಷದ ನಾಲ್ಕು ಪ್ರಯಾಣಕ್ಕಾಗಿ ವರ್ಷವಿಡೀ ದೊಡ್ಡ ಕಾರನ್ನು ಸಾಕುವುದು ಬೇಡ ಎನ್ನುವುದು ನನ್ನ ಲೆಕ್ಕ.

ಕಷ್ಟ ಬಂದದ್ದು ರಸ್ತೆಯಲ್ಲಲ್ಲ, ಪಾರ್ಕಿಂಗಿನಲ್ಲಿ. ನನ್ನ ಜಾಗಕ್ಕೆ ಪ್ಲಗ್ ಹಾಕಿಸಲು ಸೊಸೈಟಿಯವರು ನಾಲ್ಕು ತಿಂಗಳು ಒಪ್ಪಲಿಲ್ಲ. "ಸಾಹೇಬರನ್ನ ಕಳಿಸಿ, ಮಾತಾಡ್ತೀವಿ" ಅಂದರು. ಸಾಹೇಬರು ಬರಲಿಲ್ಲ, ನಾನೇ ಹೋದೆ. ಮನೆ ಅಥವಾ ಆಫೀಸಿನಲ್ಲಿ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿ ಹೇಳಿತ್ತು. ಅದರ ಪ್ರತಿ ತೆಗೆದುಕೊಂಡು ಹೋಗಿ, ವೈರಿಂಗ್ ನಕ್ಷೆ ತೋರಿಸಿ, ನಮ್ಮ ಮನೆಯ ಮೀಟರಿನಿಂದಲೇ ಲೈನ್ ಎಳೆಸಿದೆ. ಅದಾದ ಮೇಲೆ ಇನ್ನೂ ಮೂರು ಮನೆಯವರು ಹಾಕಿಸಿಕೊಂಡಿದ್ದಾರೆ.

ಕಾರು ಕೊಳ್ಳುವ ಯೋಚನೆಯಲ್ಲಿರುವವರಿಗೆ ಮೂರು ಮಾತು. ಮೊದಲನೆಯದು, ಶೋರೂಮಿಗೆ ಹೋಗುವ ಮುನ್ನ ಹದಿನೈದು ದಿನ ನಿಮ್ಮ ಓಡಾಟದ ಕಿಲೋಮೀಟರ್ ಬರೆದಿಡಿ, ನೀವು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇರಬಹುದು. ಎರಡನೆಯದು, ಜಾಹೀರಾತಿನ ದೂರ ಪ್ರಯೋಗಾಲಯದ್ದು, ಅದರಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ. ಮೂರನೆಯದು, ಚಾರ್ಜಿಗೆ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಅದಕ್ಕೇ ಪ್ರತ್ಯೇಕ ಎಂಸಿಬಿ ಇರಲಿ. ತೆಳು ಎಕ್ಸ್‌ಟೆನ್ಷನ್ ವೈರ್ ಮಾತ್ರ ಬೇಡವೇ ಬೇಡ.

ಕೊನೆಯದಾಗಿ ವೇದಿಕೆಯ ಮುಂದೆ ಒಂದು ಕೋರಿಕೆ. ನಮ್ಮ ಸದಸ್ಯರ ಮನೆಗಳು ಈ ಊರಿನ ಎಲ್ಲ ಮೂಲೆಗಳಲ್ಲಿವೆ. ಪಾರ್ಕಿಂಗಿನಲ್ಲಿ ಇಂಥ ಪ್ಲಗ್ ಇರುವವರು, ಒಪ್ಪಿಗೆ ಇದ್ದರೆ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಹೆಸರು ಮತ್ತು ಬಡಾವಣೆ ತಿಳಿಸಿ. ನನ್ನ ಹೆಸರು ಈಗಲೇ ಬರೆದುಕೊಳ್ಳಿ. ಒಂದು ಗಂಟೆಯ ಚಾರ್ಜಿಗೆ 20 ಕಿ.ಮೀ. ಸಿಗುತ್ತದೆ, ಅಷ್ಟು ಹೊತ್ತಿಗೆ ಕಾಫಿಯೂ ಆಗುತ್ತದೆ. ಹತ್ತು ಮನೆಗಳು ಸೇರಿದರೆ ನಮ್ಮಲ್ಲಿ ಯಾರೂ ರಾತ್ರಿ ಹೊತ್ತು ದಾರಿಯಲ್ಲಿ ನಿಲ್ಲಬೇಕಾಗಿಲ್ಲ, ಕೀಲಿ ಕೇಳಲು ಹಿಂಜರಿಯಬೇಕಾಗಿಯೂ ಇಲ್ಲ.