ಮಳೆಚಿತ್ರದ ಹಿಂಬದಿ

(ವಿದ್ಯಾರ್ಥಿಗಳ ಮಳೆಗಾಲದ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕೊಡಗೆಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಮಂಜು ಹೊದ್ದ ಬೆಟ್ಟ, ಹಂಚಿನ ಮನೆ, ಹಸಿರು ಗದ್ದೆ, ಅವುಗಳ ಮೇಲೆ ಸುರಿಯುವ ಮಳೆ. ಕ್ಯಾಲೆಂಡರುಗಳಲ್ಲಿಯೂ ರೆಸಾರ್ಟುಗಳ ಗೋಡೆಗಳ ಮೇಲೂ ಇರುವುದು ಇದೇ. ಈ ಚಿತ್ರ ಸುಳ್ಳಲ್ಲ, ಆದರೆ ಅಪೂರ್ಣ. ಕಕ್ಕಡ ತಿಂಗಳ ಕೆಸರಿನಲ್ಲಿ ನಾಟಿ ಮಾಡುವವರ ಬಾಗಿದ ಬೆನ್ನು, ಕಾಲಿಗೆ ಹತ್ತಿದ ಜಿಗಣೆ, ವಾರಗಟ್ಟಲೆ ಒಣಗದ ಬಟ್ಟೆ ಅದರಲ್ಲಿ ಕಾಣುವುದಿಲ್ಲ.

ಹಾಗೆಂದು ಮಳೆಯ ಚೆಲುವನ್ನು ಚಿತ್ರಿಸಿದ ಕಲಾವಿದರನ್ನು ಹಗುರವಾಗಿ ಕಾಣಬೇಕಿಲ್ಲ. ಮೈಸೂರು ಅರಮನೆಯ ಆಶ್ರಯ ಪಡೆದಿದ್ದ ಕೆ. ವೆಂಕಟಪ್ಪನವರು (1886–1965) ಊಟಿಯ ಬೆಟ್ಟ, ಮೋಡಗಳನ್ನು ಜಲವರ್ಣದಲ್ಲಿ ಮೂಡಿಸಿದರು. ಮೋಡ ಸರಿಯುವ ಕ್ಷಣವನ್ನು ಕಾಗದದ ಮೇಲೆ ನಿಲ್ಲಿಸುವುದು, ಅದನ್ನು ತಾಳ್ಮೆಯಿಂದ ನೋಡಿದವರಿಗೆ ಮಾತ್ರ ಸಾಧ್ಯ.

ಇಂಗ್ಲೆಂಡಿನ ರಮ್ಯ ಪಂಥದ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಅವರು ಹಿಟ್ಟಿನ ಗಿರಣಿಗಳ ಮಾಲೀಕರ ಮಗ. ಗಾಳಿಯಿಂದ ಗಿರಣಿ ನಡೆಸುವವರಿಗೆ ಆಕಾಶವನ್ನು ಓದುವುದು ಹೊಟ್ಟೆಪಾಡಿನ ವಿದ್ಯೆ. 1821–22ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಅವರು ಹತ್ತಾರು ಮೋಡಚಿತ್ರಗಳನ್ನು ಬರೆದರು. ಹಲವು ಚಿತ್ರಗಳ ಹಿಂಬದಿಯಲ್ಲಿ ದಿನಾಂಕ, ಗಂಟೆ, ಗಾಳಿಯ ದಿಕ್ಕು ಗುರುತಾಗಿವೆ. ಮುಂಬದಿಯಲ್ಲಿ ಚೆಲುವು, ಹಿಂಬದಿಯಲ್ಲಿ ಸಾಕ್ಷ್ಯ.

ಈ ಹಿಂಬದಿಯ ಬರಹ ಕೊಡಗಿಗೆ ಹೊಸತಲ್ಲ. ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ, ಇಂಚು–ಸೆಂಟುಗಳಲ್ಲಿ ಡೈರಿಗೆ ಬರೆದಿಡುವ ರೂಢಿ ಕಾಫಿ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಬಂದಿದೆ. ಹೂಮಳೆ ಯಾವಾಗ ಬಂತು, ಎಷ್ಟು ಬಂತು ಎಂಬುದು ಫಸಲಿನ ಪ್ರಶ್ನೆ. ಈಗ ಅದು ಜೀವದ ಪ್ರಶ್ನೆಯೂ ಆಗಿದೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮುಂತಾದೆಡೆ ಬೆಟ್ಟ ಜಾರಿತು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಅದರ ಕಣಗಳ ಹಿಡಿತ ಸಡಿಲವಾಗುತ್ತದೆ. ರಸ್ತೆಗೋ ಕಟ್ಟಡಕ್ಕೋ ಬುಡ ಕಡಿದ ಇಳಿಜಾರಿಗೆ ಆಗ ಆಸರೆಯೇ ಇರುವುದಿಲ್ಲ. ಒಂದು ದಿನದ ಮಳೆಯಷ್ಟೇ, ಅದರ ಹಿಂದಿನ ವಾರಗಳಲ್ಲಿ ಸುರಿದ ಒಟ್ಟು ಮಳೆಯೂ ಇಲ್ಲಿ ಮುಖ್ಯ. ಆ ಇಳಿಜಾರಿನ ಪಕ್ಕದಲ್ಲಿಯೇ ಸುರಿದದ್ದೆಷ್ಟು ಎಂದು ಹೇಳಬಲ್ಲದ್ದು ಊರಿನ ಡೈರಿ.

ಚಿತ್ರದ ಮುಂಭಾಗದಲ್ಲಿರುವ ಗದ್ದೆಯೂ ಬರಿಯ ಹಸಿರು ಬಣ್ಣವಲ್ಲ. ಬದು ಕಟ್ಟಿದ ಗದ್ದೆ ಮಳೆನೀರನ್ನು ನಿಲ್ಲಿಸಿ ನೆಲಕ್ಕೆ ಇಂಗಿಸುತ್ತದೆ. ಮಣ್ಣು ತುಂಬಿಸಿ ನಿವೇಶನ ಮಾಡಿದ ಗದ್ದೆ ಆ ಕೆಲಸ ಮಾಡದು. ಗದ್ದೆ ಹೋದ ಮೇಲೂ ಗೋಡೆಯ ಮೇಲಿನ ಚಿತ್ರ ಮಾತ್ರ ಹಸಿರಾಗಿಯೇ ಉಳಿಯುತ್ತದೆ.

ಆದ್ದರಿಂದ ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ತಮ್ಮ ಮನೆಯೆದುರಿನ ಬೆಟ್ಟವನ್ನು, ತೋಡನ್ನು, ಗದ್ದೆಯನ್ನು ಮನಸಾರೆ ಚಿತ್ರಿಸಲಿ. ಹಾಳೆಯ ಹಿಂಬದಿಯಲ್ಲಿ ದಿನಾಂಕ, ಮಳೆಯ ಪ್ರಮಾಣ, ತೋಡಿನ ನೀರಿನ ಮಟ್ಟ ಬರೆಯಲಿ. ಒರತೆಯ ನೀರು ಕೆಂಪಾಗಿದೆಯೇ, ಬರೆಯಲ್ಲಿ ಹೊಸ ಬಿರುಕು ಕಂಡಿದೆಯೇ ಎಂಬುದನ್ನೂ ಗುರುತಿಸಲಿ. ಬಿರುಕು ಕಂಡ ದಿನ ಹಾಳೆಯನ್ನು ಬದಿಗಿಟ್ಟು ಮೊದಲು ಹಿರಿಯರಿಗೆ ತಿಳಿಸಲಿ. ಇಂತಹ ಹತ್ತು ಮಳೆಗಾಲಗಳ ಹಾಳೆಗಳು ಶಾಲೆಯ ಕಪಾಟಿನಲ್ಲಿದ್ದರೆ, ಯಾವ ಇಳಿಜಾರಿನ ಬುಡ ಕಡಿಯಬಾರದೆಂದು ಊರೇ ಆಧಾರಸಹಿತ ಹೇಳಬಲ್ಲದು.