ತಂಗಡಿಗೆ ಅಂಗಳದಲ್ಲಿ ಒಂದು ಜಾಗ
(ಸಂಘದ ಬೆಳ್ಳಿ ಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಬೆಳ್ಳಿ ಹಬ್ಬದಲ್ಲಿ ಸಾಲ, ಠೇವಣಿ, ಗೊಬ್ಬರದ ಮಾತು ಬಿಟ್ಟು ಹೂವಿನ ಗಿಡದ ಮಾತೇಕೆ ಅಂತ ತಮಗೆ ಅನ್ನಿಸಬಹುದು. ನಾವು ಹೇಳಹೊರಟಿರುವುದು ನೀರಿನ ಮಾತೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲುವ ಕಾಲದಲ್ಲಿ ಅಂಗಳದ ಗುಲಾಬಿಗೆ, ಕ್ರೋಟನ್ನಿಗೆ ನೀರು ಎಲ್ಲಿಂದ ತರೋಣ? ಹಾಗಂತ ಬಯಲುಸೀಮೆಯವರ ಮನೆ ಮುಂದೆ ಹೂವೇ ಬೇಡವೇ? ಬೇಕು. ಅದಕ್ಕೆ ತಕ್ಕ ಗಿಡ ನಮ್ಮ ಕಲ್ಲುನೆಲದಲ್ಲೇ ಇದೆ. ಅದೇ ತಂಗಡಿ.

ಇದನ್ನು ಕೆಲವರು ತಂಗಟೆ ಅನ್ನುತ್ತಾರೆ, ಕೆಲವರು ಆವರಿಕೆ, ಹೊನ್ನಾವರಿಕೆ ಅನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟಾ. 'ಆರಿಕ್ಯುಲೇಟಾ' ಎಂದರೆ ಕಿವಿಯುಳ್ಳದ್ದು. ಎಲೆಯ ಬುಡದಲ್ಲಿ ಕಿವಿಯ ಹಾಗೆ ಅಗಲವಾದ ಪುಟ್ಟ ಎಲೆಗಳಿರುತ್ತವೆ. ಗಿಡ ಗುರುತಿಸಲು ಅದೇ ಸುಲಭದ ದಾರಿ. ಆಳೆತ್ತರದ ಪೊದೆ, ಐದು ಎಸಳಿನ ಹಳದಿ ಹೂ, ಕಾಗದದಂತೆ ತೆಳುವಾದ ಚಪ್ಪಟೆ ಕಾಯಿ. ಮಳೆಗಾಲದಲ್ಲಿ ಎದ್ದು ಬೇಸಿಗೆಗೆ ಒಣಗುವ ತಗಚೆ ಬೇರೆ, ವರ್ಷಾನುಗಟ್ಟಲೆ ಬಾಳುವ ತಂಗಡಿ ಬೇರೆ. ಇನ್ನೊಂದು ಎಚ್ಚರಿಕೆ: ಇದೇ ಕುಲದ, ಇದೇ ಬಣ್ಣದ ಹೂ ಬಿಡುವ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರವಿದೆ. ಅಮೆರಿಕ ಖಂಡದಿಂದ ಬಂದ ಆ ಮರ ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಹಬ್ಬಿ ತಲೆನೋವಾಗಿದೆ. ಚೆಂದ ಅಂತ ಅದನ್ನು ಯಾರೂ ತಂದು ನೆಡಬಾರದು.

ತಂಗಡಿ ನಮ್ಮ ಹಿರಿಯರಿಗೆ ಬರೀ ಕಾಡುಗಿಡವಾಗಿರಲಿಲ್ಲ. ಇದರ ತೊಗಟೆಯಲ್ಲಿ ಚರ್ಮ ಹದ ಮಾಡುವ ಒಗರು ಇದೆ. ದಕ್ಷಿಣ ಆಫ್ರಿಕದಿಂದ ವಾಟಲ್ ತೊಗಟೆ ಬಂದು ಇದರ ಜಾಗ ಹಿಡಿಯುವ ತನಕ ದಕ್ಷಿಣ ಭಾರತದ ಹದಗಾರರಿಗೆ ತಂಗಡಿ ತೊಗಟೆಯೇ ಮುಖ್ಯ ಆಧಾರ. ಸೊಪ್ಪು ಗದ್ದೆಗೆ ಹಸಿರೆಲೆ ಗೊಬ್ಬರ, ಕಡ್ಡಿ ಹಲ್ಲುಜ್ಜಲು. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ದೀಪಾವಳಿಯ ಸಗಣಿ ಕೆರಕಕ್ಕೆ ಮುಡಿಸುವ ಕಾಡುಹೂಗಳಲ್ಲಿ ಇದೂ ಒಂದು. ನೆರೆಯ ತೆಲಂಗಾಣದವರು ಬತುಕಮ್ಮನನ್ನು ಕಟ್ಟುವುದು ಈ ಹೂವಿನಿಂದ. ಅದನ್ನು ಅವರು ರಾಜ್ಯದ ಹೂವೆಂದೇ ಗೌರವಿಸಿದ್ದಾರೆ.

ಈಗ ಬದುಗಳು ಕಿರಿದಾಗಿವೆ. ಗೋಮಾಳ ಕರಗಿದೆ. ಜೆಸಿಬಿ ಒಂದು ಗಳಿಗೆಯಲ್ಲಿ ಇಡೀ ಬದು ಬೋಳಿಸುತ್ತದೆ, ಉಳಿದದ್ದಕ್ಕೆ ಕಳೆನಾಶಕ. ದನ ಕೂಡ ಸಾಮಾನ್ಯವಾಗಿ ಬಾಯಿ ಹಾಕದ ಗಿಡವಿದು; ಬರವನ್ನೂ ಗೆದ್ದಿತು, ಯಂತ್ರವನ್ನು ಗೆಲ್ಲಲಾರದು. ಹಬ್ಬದ ದಿನ ಒಂದು ಹಿಡಿ ಹೂವಿಗೆ ಮೈಲಿ ನಡೆಯುವ ಹಾಗಾದರೆ ಆ ಮೇಲೆ ಮಕ್ಕಳಿಗೆ ಯಾವ ಗಿಡ ಅಂತ ತೋರಿಸುವುದು? ಆದ್ದರಿಂದಲೇ ಇದಕ್ಕೆ ಅಂಗಳದಲ್ಲಿ ಜಾಗ ಕೊಡಿ ಎನ್ನುತ್ತೇವೆ.

ಬೆಳೆಸುವ ಕ್ರಮ ಹೇಳುತ್ತೇವೆ, ಗಮನವಿಡಿ. ಬದುವಿನ ಗಿಡ ಕಿತ್ತು ತರಬೇಡಿ. ತಾಯಿಬೇರು ಬಹಳ ಆಳಕ್ಕೆ ಇಳಿದಿರುತ್ತದೆ, ತುಂಡಾದರೆ ಗಿಡ ಬದುಕುವುದು ಕಷ್ಟ. ಅಲ್ಲಿನ ಗಿಡವೂ ಹೋಯಿತು, ಇಲ್ಲಿನದೂ ಹೋಯಿತು. ಬೀಜವೇ ಸರಿ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಅಲ್ಲಾಡಿಸಿದರೆ ಗಲಗಲ ಎನ್ನುವಾಗ ಬಿಡಿಸಿಕೊಳ್ಳಿ. ಒಂದಷ್ಟನ್ನು ಗಿಡದಲ್ಲೇ ಬಿಡಿ.

ಬೀಜದ ಸಿಪ್ಪೆ ಬಲು ಗಟ್ಟಿ. ಹಾಗೇ ಬಿತ್ತಿದರೆ ಎಷ್ಟೋ ಬೀಜ ಮಣ್ಣಲ್ಲಿ ಮಲಗಿಬಿಡುತ್ತವೆ. ನೀರು ಕುದಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಬೀಜ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಇಲ್ಲವೇ ಒರಟು ಕಲ್ಲಿನ ಮೇಲೆ ಹಗುರವಾಗಿ ಉಜ್ಜಿ ನೆನೆಸಿ. ಉಬ್ಬಿದ ಬೀಜವನ್ನು ಅರ್ಧ ಅಂಗುಲ ಆಳಕ್ಕೆ ಬಿತ್ತಿ. ಪಾಕೆಟ್ಟಿನಲ್ಲಿ ಸಸಿ ಮಾಡುವುದಾದರೆ ಉದ್ದನೆಯ ಪಾಕೆಟ್ಟೇ ಇರಲಿ, ಬೇರು ಸುತ್ತಿಕೊಳ್ಳಬಾರದು. ರೋಹಿಣಿ, ಮೃಗಶಿರಾ ಮಳೆಗೆ ನೆಡುವುದು ಒಳ್ಳೆಯದು. ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಕೊಟ್ಟರೆ ಮುಂದೆ ಹೂವಿನ ಬೇಲಿಯೇ ಆಗುತ್ತದೆ.

ಜಾಗ ಬಿಸಿಲಿನದಾಗಿರಬೇಕು. ಗರಸು ಮಣ್ಣು ಅಂತ ಚಿಂತೆ ಬೇಡ. ನೀರು ನಿಲ್ಲುವ ಜಾಗ ಮಾತ್ರ ಆಗದು. ಬಚ್ಚಲ ನೀರು ಹರಿಯುವ ಕಡೆಗಿಂತ ಗೇಟಿನ ಪಕ್ಕದ ಒಣನೆಲ ವಾಸಿ. ಮೊದಲ ಬೇಸಿಗೆ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಹಾಕಿ. ಬರ ತಡೆಯುವ ಗಿಡ ಎಂದರೆ ಹುಟ್ಟಿದ ದಿನದಿಂದಲೇ ನೀರು ಬೇಡ ಅಂತಲ್ಲ. ಬೇರು ಇಳಿಯುವ ತನಕ ಕೈ ಹಿಡಿಯಬೇಕು. ಆಮೇಲೆ ಮಳೆಯೇ ಸಾಕು. ಪ್ರೀತಿ ಹೆಚ್ಚಾಗಿ ನೀರು, ಗೊಬ್ಬರ ಸುರಿದರೆ ಸೊಪ್ಪು ಹೆಚ್ಚುತ್ತದೆ, ಹೂ ಕಡಿಮೆಯಾಗುತ್ತದೆ. ಹೂವಿನ ಸುಗ್ಗಿ ಮುಗಿದ ಮೇಲೆ ಮೂರನೇ ಒಂದು ಪಾಲು ಸವರಿದರೆ ಗಿಡ ಒತ್ತಾಗಿ ಬೆಳೆಯುತ್ತದೆ.

ಎಲೆಯ ಮೇಲೆ ಹಸಿರು ಹುಳು ಕಂಡರೆ ಕೂಡಲೇ ಔಷಧಿ ಡಬ್ಬ ಹುಡುಕಬೇಡಿ. ಹಳದಿ ಚಿಟ್ಟೆಗಳ ಮರಿಗಳು ಅವು. ನಾಲ್ಕು ಎಲೆ ತಿಂದು ಚಿಟ್ಟೆಯಾಗಿ ಹಾರಿ ಹೋಗುತ್ತವೆ, ಗಿಡ ಮತ್ತೆ ಚಿಗುರುತ್ತದೆ. ಮರ ಕೊರೆಯುವ ಕರಿದುಂಬಿ ಹೂವಿಗೆ ಜೋತು ಗುಂಯ್ ಎಂದು ಅದುರಿಸಿದಾಗ ಕೇಸರದ ತುದಿಯ ರಂಧ್ರದಿಂದ ಪರಾಗ ಉದುರುತ್ತದೆ. ಆ ದುಂಬಿ ನಮ್ಮ ಬದನೆ, ಟೊಮೆಟೊ ಹೂವಿಗೂ ಇದೇ ಸೇವೆ ಮಾಡುತ್ತದೆ. ಒಂದು ಮಾತು: ಇದು ಸಕ್ಕರೆ ಕಾಯಿಲೆಗೆ ಮದ್ದು ಅಂತ ಹಳ್ಳಿಗಳಲ್ಲಿ ನಂಬಿಕೆಯಿದೆ. ಹಾಗಂತ ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಕಷಾಯ ಕುಡಿಯುತ್ತಾ ಕೂರಬಾರದು.

ಬಂಧುಗಳೇ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಒಬ್ಬರ ದೊಡ್ಡ ಗಂಟಿನಿಂದಲ್ಲ, ಹಲವರ ಸಣ್ಣ ಪಾಲಿನಿಂದ. ನಮ್ಮ ಸಂಘವೂ 25 ವರ್ಷ ನಡೆದು ಬಂದದ್ದು ಹಾಗೆಯೇ. ಬೀಜದ ವಿಷಯದಲ್ಲೂ ಅದೇ ದಾರಿ ಹಿಡಿಯೋಣ. ಪ್ರತಿ ಸದಸ್ಯರು ಒಂದು ಹಿಡಿ ತಂಗಡಿ ಬೀಜ ತಂದು ಸಂಘದ ಕಚೇರಿಯಲ್ಲಿ ಕೊಡಲಿ. ಬೇಕಾದವರು ಒಯ್ಯಲಿ, ಗಿಡವಾದ ಮೇಲೆ ಎರಡು ಹಿಡಿ ತಿರುಗಿ ತರಲಿ. ಬಡ್ಡಿ ಜಾಸ್ತಿಯಾಯಿತು ಅಂತ ಯಾರೂ ದೂರಲಾರರು. ಜೊತೆಗೆ ಬದು ಬೋಳಿಸುವಾಗ ಮೂಲೆಯಲ್ಲಿ ಎರಡು ಗಿಡ ಉಳಿಸಿರಿ. ಅಂಗಳದ್ದು ನಮ್ಮ ಕಣ್ಣಿಗೆ, ಬದುವಿನದು ಬೀಜಕ್ಕೆ.